ಬೀಡು ತೆರವಾಗುವಾಗ: ತುಳುನಾಡಿನ ಜೈನ ಮನೆತನಗಳ ಹಳೆಯ ಮನೆಗಳು ಮತ್ತು ಅವುಗಳ ವಿಕ್ರಯ

ಜೈನಾಚಾರದಲ್ಲಿ ವ್ರತಿಗಳ ವಿಭಜನೆ ನಡೆದಿರುವುದು ಮನೆಯನ್ನು ಆಧರಿಸಿಯೇ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ವ್ರತಿಗಳನ್ನು ಅಗಾರಿ ಮತ್ತು ಅನಗಾರ ಎಂದು ಎರಡು ಬಗೆಯಾಗಿ ಹೇಳುತ್ತದೆ. ಅಗಾರವೆಂದರೆ ಮನೆ, ಮನೆಯುಳ್ಳವನು ಶ್ರಾವಕ, ಮನೆಯನ್ನು ತೊರೆದವನು ಮುನಿ. 13ನೆಯ ಶತಮಾನದ ಪಂಡಿತ ಆಶಾಧರನು ಗೃಹಸ್ಥರ ಆಚಾರವನ್ನು ಕುರಿತು ಸಾಗಾರಧರ್ಮಾಮೃತವನ್ನೂ ಮುನಿಗಳ ಆಚಾರವನ್ನು ಕುರಿತು ಅನಗಾರಧರ್ಮಾಮೃತವನ್ನೂ ರಚಿಸಿದ್ದು ಇದೇ ವಿಭಾಗಕ್ಕೆ ಅನುಸಾರವಾಗಿ. ಶ್ರಾವಕನ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಸೂತ್ರಕಾರನು ಮೊದಲು ಎತ್ತಿಕೊಳ್ಳುವುದು ಕ್ಷೇತ್ರ ಮತ್ತು ವಾಸ್ತು ಎಂಬ ಜೋಡಿಯನ್ನು, ಅಂದರೆ ಹೊಲ ಮತ್ತು ಮನೆಯನ್ನು. ಬೆಳ್ಳಿ, ಬಂಗಾರ, ದನ, ಧಾನ್ಯಗಳೆಲ್ಲ ಅನಂತರ ಬರುತ್ತವೆ. ಗೃಹಸ್ಥನು ಮಿತಿ ಹಾಕಿಕೊಳ್ಳಬೇಕಾದ ಸೊತ್ತುಗಳಲ್ಲಿ ಮನೆಗೆ ಅಗ್ರಸ್ಥಾನ ದೊರೆತಿದೆ.

ಶಾಸ್ತ್ರದ ಈ ದೃಷ್ಟಿಯನ್ನು ಒಂದು ಪ್ರದೇಶದ ಸಾಮಾಜಿಕ ಇತಿಹಾಸದೊಡನೆ ಇಟ್ಟು ನೋಡಿದಾಗ ಕುತೂಹಲಕರವಾದ ಸಂಗತಿಗಳು ಗೋಚರಿಸುತ್ತವೆ. ತುಳುನಾಡಿನ ಜೈನ ಮನೆತನಗಳ ದೊಡ್ಡ ಮನೆಗಳು ಶತಮಾನಗಳ ಕಾಲ ಯಾವ ಒಬ್ಬ ವ್ಯಕ್ತಿಯ ಪರಿಗ್ರಹವೂ ಆಗಿರಲಿಲ್ಲ. ಅವು ಮಾರಾಟದ ವಸ್ತುಗಳಾದದ್ದು ಕಳೆದ ಮುಕ್ಕಾಲು ಶತಮಾನದಲ್ಲಿ. ಹೊಸ ಮನೆಗೆ ಒಕ್ಕಲು ಹೋಗಿ ಹಳೆಯದನ್ನು ವಿಕ್ರಯಕ್ಕೆ ಅಣಿಗೊಳಿಸುವ ಸಂದರ್ಭದಲ್ಲಿ ಆ ಮನೆಯೊಳಗಿದ್ದ ಪ್ರತಿಯೊಂದು ವಸ್ತುವಿನ ಮುಂದೆಯೂ ಇದು ಯಾರದು ಎಂಬ ಪ್ರಶ್ನೆ ಏಳುತ್ತದೆ. ಕೆಲವು ವಸ್ತುಗಳಿಗೆ ಕಾನೂನು ಉತ್ತರ ಹೇಳುತ್ತದೆ, ಕೆಲವಕ್ಕೆ ಧರ್ಮ ಉತ್ತರ ಹೇಳುತ್ತದೆ. ಯಾರೂ ಉತ್ತರ ಹೇಳದೆ ಉಳಿಯುವ ವಸ್ತುಗಳೂ ಇವೆ. ಸಾಹಿತ್ಯ ಮತ್ತು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದುದು ಈ ಮೂರನೆಯ ಬಗೆಯನ್ನು.

ತುಳುನಾಡಿನಲ್ಲಿ ಪ್ರತಿಷ್ಠಿತ ಮನೆತನಗಳ ನಿವಾಸಗಳಿಗೆ ಗುತ್ತು, ಬೀಡು, ಅರಮನೆ ಎಂಬ ಹೆಸರುಗಳಿವೆ. ಜೈನ ಅರಸು ಮನೆತನಗಳಾದ ಚೌಟ, ಬಂಗ, ಅಜಿಲ ಮೊದಲಾದವರ ವಾಸಸ್ಥಾನಗಳು ಅರಮನೆಗಳೆನಿಸಿದರೆ, ಬಲ್ಲಾಳ, ಹೆಗ್ಗಡೆ ಮುಂತಾದ ಸ್ಥಾನಿಕ ಅಧಿಕಾರವುಳ್ಳವರ ಮನೆಗಳು ಸಾಮಾನ್ಯವಾಗಿ ಬೀಡುಗಳೆನಿಸಿದವು. ಅಂಗಳ, ಚಾವಡಿ, ಕೆತ್ತನೆಯ ಮುಂಡಿಗೆಗಳು, ಬೋದಿಗೆಗಳು, ಉಪ್ಪರಿಗೆ, ಅಟ್ಟ, ದೇವರ ಕೋಣೆ, ಭತ್ತ ಅಕ್ಕಿಗಳನ್ನು ತುಂಬಿಡುವ ಕಲೆಂಬಿ ಮತ್ತು ಪತ್ತಾಯಗಳು ಇಂತಹ ಮನೆಗಳ ಸಾಮಾನ್ಯ ಅಂಗಗಳು. ಮೂಡಬಿದಿರೆಯ ಚೌಟರ ಅರಮನೆಯ ಕಂಬಗಳಲ್ಲಿರುವ ನವನಾರೀಕುಂಜರ ಮತ್ತು ಪಂಚನಾರೀತುರಗ ಕೆತ್ತನೆಗಳು ಈ ಪರಂಪರೆಯ ಮರಗೆಲಸದ ಉನ್ನತ ನಿದರ್ಶನಗಳು. ಮನೆಯ ಒಳಗೆ ಜಿನಬಿಂಬ ಮತ್ತು ಪದ್ಮಾವತಿಯ ಆರಾಧನೆ, ಚಾವಡಿಯಲ್ಲಿ ಅಥವಾ ಹೊರಗಿನ ಗುಡಿಯಲ್ಲಿ ದೈವದ ಭಂಡಾರ, ಹಿತ್ತಿಲಿನಾಚೆ ನಾಗಬನ ಎಂಬ ಏರ್ಪಾಡು ಅನೇಕ ಕಡೆ ಕಂಡುಬರುತ್ತದೆ. ಹೀಗಾಗಿ ಬೀಡೆಂಬುದು ವಾಸದ ಮನೆಯಾಗಿದ್ದಂತೆಯೇ ನ್ಯಾಯದ ಚಾವಡಿಯೂ ಗೇಣಿ ಅಕ್ಕಿಯ ಉಗ್ರಾಣವೂ ಆರಾಧನೆಯ ಕೇಂದ್ರವೂ ಆಗಿತ್ತು.

ಈ ಮನೆತನಗಳು ಹಿಂದೆ ಸ್ಥಳಾಂತರ ಮಾಡಿಯೇ ಇರಲಿಲ್ಲವೆಂದಲ್ಲ. ಚೌಟರ ಇತಿಹಾಸವೇ ಉಳ್ಳಾಲ, ಪುತ್ತಿಗೆ, ಮೂಡಬಿದಿರೆ ಎಂಬ ಮೂರು ನೆಲೆಗಳ ಇತಿಹಾಸ. ಉಳ್ಳಾಲದಲ್ಲಿರುವಂತೆ ಪುತ್ತಿಗೆಯಲ್ಲೂ ಸೋಮನಾಥನ ದೇವಾಲಯವಿರುವುದನ್ನು ಇಲ್ಲಿ ನೆನೆಯಬಹುದು. ಬಂಗರ ಹೆಸರಿನೊಡನೆಯೂ ಬಂಗಾಡಿ, ನಂದಾವರ, ಮಂಗಳೂರು ಎಂಬ ನೆಲೆಗಳು ಸೇರಿಕೊಂಡಿವೆ. ಈ ಸ್ಥಳಾಂತರಗಳಲ್ಲಿ ಹೊಸ ನೆಲೆ ಸೇರುವುದಿತ್ತು, ಹಳೆಯ ನೆಲೆಯನ್ನು ಬೆಲೆಗೆ ಕೊಡುವ ಪ್ರಶ್ನೆ ಇರಲಿಲ್ಲ.

ಮನೆಯನ್ನು ತೆರವು ಮಾಡುವ ಪ್ರಸಂಗವೇ ಒಂದು ಕ್ಷೇತ್ರದ ಮೂಲಕಥೆಯಾಗಿರುವ ಉದಾಹರಣೆ ಧರ್ಮಸ್ಥಳದ್ದು. ಸ್ಥಳಪುರಾಣದ ಪ್ರಕಾರ, ಅಂದು ಕುಡುಮ ಎನಿಸಿದ್ದ ಆ ಊರಿನ ನೆಲ್ಯಾಡಿ ಬೀಡಿನಲ್ಲಿ ಬಿರ್ಮಣ್ಣ ಪೆರ್ಗಡೆ ಮತ್ತು ಅವರ ಪತ್ನಿ ಅಮ್ಮು ಬಲ್ಲಾಳ್ತಿ ವಾಸವಾಗಿದ್ದರು. ಅತಿಥಿಗಳಾಗಿ ಬಂದು ಸತ್ಕಾರ ಪಡೆದ ಧರ್ಮದೈವಗಳು ಅಂದಿನ ರಾತ್ರಿ ಪೆರ್ಗಡೆಯ ಕನಸಿನಲ್ಲಿ ಕಾಣಿಸಿಕೊಂಡು, ಆ ಮನೆಯನ್ನು ತಮಗೆ ಬಿಟ್ಟುಕೊಡುವಂತೆ ಅಪ್ಪಣೆಯಿತ್ತವು. ಪೆರ್ಗಡೆ ದಂಪತಿಗಳು ತಮಗಾಗಿ ಬೇರೆ ಮನೆ ಕಟ್ಟಿಕೊಂಡು ನೆಲ್ಯಾಡಿ ಬೀಡನ್ನು ದೈವಗಳ ಆರಾಧನೆಗೆ ಬಿಟ್ಟರು. ಕಾಳರಾಹು, ಕಾಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ ಎಂಬ ನಾಲ್ಕು ದೈವಗಳ ಆರಾಧನೆ ಕ್ಷೇತ್ರದ ಬೆಳವಣಿಗೆಗೆ ಮೊದಲ ಮೆಟ್ಟಿಲಾಯಿತು. ಈ ಕಥನವನ್ನು ಚಾರಿತ್ರಿಕ ದಾಖಲೆಯೆಂದು ಓದಬೇಕಾಗಿಲ್ಲ. ಆದರೆ ಬೀಡನ್ನು ತೆರವು ಮಾಡುವುದಕ್ಕೆ ಪರಂಪರೆಯು ಒಪ್ಪಬಹುದಾದ ಕಾರಣ ಯಾವುದು ಎಂಬುದನ್ನು ಇದು ತಿಳಿಸುತ್ತದೆ: ತೆರವಾದ ಮನೆ ದೈವಕ್ಕೆ ಸಲ್ಲುತ್ತದೆ, ಮತ್ತೊಬ್ಬ ಗೃಹಸ್ಥನಿಗಲ್ಲ.

ಮಾರಾಟವೆಂಬ ಕಲ್ಪನೆ ಇಷ್ಟು ದೂರವಾಗಿದ್ದುದಕ್ಕೆ ಮುಖ್ಯ ಕಾರಣ ಅಳಿಯಸಂತಾನ ಪದ್ಧತಿ. ಭೂತಾಳ ಪಾಂಡ್ಯನ ಕಟ್ಟೆಂದು ಪ್ರಸಿದ್ಧವಾದ ಈ ಪದ್ಧತಿಯನ್ನು ತುಳುನಾಡಿನ ಬಂಟರು, ಬಿಲ್ಲವರು ಮೊದಲಾದವರಂತೆ ಜೈನರಲ್ಲಿಯೂ ಬಹುಪಾಲು ಮನೆತನಗಳು ಅನುಸರಿಸುತ್ತಿದ್ದವು. ಬಸದಿಗಳ ಪೂಜಾವೃತ್ತಿಯ ಇಂದ್ರರು ಮಾತ್ರ ಮಕ್ಕಳಸಂತಾನದವರು. ಅಳಿಯಸಂತಾನದಲ್ಲಿ ಸೊತ್ತು ಕುಟುಂಬದ್ದು. ಅದರ ಹಕ್ಕು ಹೆಣ್ಣಿನ ಸಂತತಿಯ ಮೂಲಕ ಹರಿಯುತ್ತದೆ. ಹೆಣ್ಣುಮಕ್ಕಳ ಹಕ್ಕು ಮದುವೆಯಿಂದ ಅಳಿಯುತ್ತಿರಲಿಲ್ಲವಾದ್ದರಿಂದ ಮೂಲಮನೆ ಅವರಿಗೆ ಯಾವಾಗಲೂ ತೆರೆದಿರಬೇಕಾಗಿತ್ತು. ಯಜಮಾನ ಅಥವಾ ಯಜಮಾನ್ತಿ ಆಡಳಿತ ನಡೆಸುವವರೇ ಹೊರತು ಒಡೆಯರಲ್ಲ. ಕುಟುಂಬದ ಅಗತ್ಯಕ್ಕಾಗಿಯಲ್ಲದೆ ಸೊತ್ತನ್ನು ಪರಾಧೀನ ಮಾಡುವಂತಿರಲಿಲ್ಲ. ಸದಸ್ಯರೆಲ್ಲರ ಒಪ್ಪಿಗೆಯಿಲ್ಲದೆ ಪಾಲು ಕೇಳುವಂತಿಲ್ಲವೆಂಬ ನಿಯಮವನ್ನು ಮದರಾಸು ಹೈಕೋರ್ಟು 1863ರ ಒಂದು ತೀರ್ಪಿನಲ್ಲಿ ಎತ್ತಿಹಿಡಿಯಿತು. ಪಾಲಾಗದ ಮನೆ ಬಿಕರಿಯಾಗುವುದೂ ಅಪರೂಪವೇ.

20ನೆಯ ಶತಮಾನದ ಮಧ್ಯಭಾಗದಲ್ಲಿ ಈ ಕಟ್ಟು ಸಡಿಲವಾಯಿತು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರು ಎಂಬ ಘಟಕಕ್ಕೆ, ಅಂದರೆ ಒಬ್ಬ ಸ್ತ್ರೀ, ಆಕೆಯ ಮಕ್ಕಳು ಮತ್ತು ಹೆಣ್ಣಿನ ಸಾಲಿನಲ್ಲಿ ಬರುವ ಸಂತತಿಗೆ, ಬಹುಮತದ ಮೇಲೆ ಕುಟುಂಬದಿಂದ ಪಾಲು ಪಡೆದು ಬೇರೆಯಾಗುವ ಹಕ್ಕನ್ನು ನೀಡಿತು. ಸ್ಥಿರಾಸ್ತಿಯ ವಿಕ್ರಯಕ್ಕೆ ವಯಸ್ಕ ಸದಸ್ಯರ ಬಹುಮತದ ಲಿಖಿತ ಒಪ್ಪಿಗೆ ಬೇಕೆಂದೂ ವಿಧಿಸಿತು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು, ಮೃತ ಸದಸ್ಯನ ಅವಿಭಕ್ತ ಪಾಲು ಕುಟುಂಬದಲ್ಲಿಯೇ ಉಳಿಯದೆ ವಾರಸುದಾರರಿಗೆ ಹೋಗುವಂತೆ ಮಾಡಿತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿಗಳು ಸರಕಾರದಲ್ಲಿ ನಿಹಿತವಾದವು. ಉಳುವವರಿಗೆ ನ್ಯಾಯ ದೊರೆತ ಆ ಸುಧಾರಣೆಯ ಇನ್ನೊಂದು ಪರಿಣಾಮವೆಂದರೆ ಗೇಣಿ ಅಕ್ಕಿಯನ್ನು ನಂಬಿದ್ದ ಮನೆಗಳ ನಿರ್ವಹಣೆ ಕಷ್ಟವಾದದ್ದು. ಪತ್ತಾಯಗಳು ಬರಿದಾದವು. ಹೆಂಚು ಕೈಯಾಡಿಸಲು, ಗೆದ್ದಲು ಹಿಡಿದ ತೊಲೆ ಬದಲಿಸಲು, ನಿತ್ಯಪೂಜೆ ನಡೆಸಲು ಬೇಕಾದ ಆದಾಯವಿಲ್ಲವಾಯಿತು. ಮುಂದಿನ ತಲೆಮಾರು ಮಂಗಳೂರು, ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದ ಮೇಲೆ, ಹತ್ತಾರು ಪಾಲುದಾರರಿಗೆ ಸೇರಿದ ಮನೆಯನ್ನು ಹಂಚಿಕೊಳ್ಳಲು ಮಾರಾಟವೊಂದೇ ಉಪಾಯವೆಂಬ ಸ್ಥಿತಿ ಬಂದಿತು.

ಹೀಗೆ ಮಾರಾಟ ನಿಶ್ಚಯವಾದಾಗ ನಡೆಯುವ ಸಿದ್ಧತೆಯಲ್ಲಿ ಒಂದು ಕ್ರಮವಿದೆ. ಮೊದಲು ಪ್ರಶ್ನೆ ಬರುವುದು ದೇವರದು. ಜಿನಬಿಂಬವನ್ನು ಪೂಜೆಯಿಲ್ಲದೆ ಇಡುವಂತಿಲ್ಲ. ಹೊಸ ಮನೆಯಲ್ಲಿ ನಿತ್ಯಾಭಿಷೇಕಕ್ಕೆ ಅನುಕೂಲವಿಲ್ಲದಿದ್ದರೆ ಅದನ್ನು ಸಮೀಪದ ಬಸದಿಗೆ ಒಪ್ಪಿಸುವುದು ರೂಢಿ. ದೈವದ ಭಂಡಾರ, ನಾಗಬನಗಳ ವಿಷಯದಲ್ಲಿ ಜನರಿಗೆ ಭಯಭಕ್ತಿಗಳಿರುವುದರಿಂದ ಅವುಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ವ್ಯವಸ್ಥೆಯಾಗುತ್ತದೆ. ಆ ತುಂಡು ನೆಲವನ್ನು ಕ್ರಯಪತ್ರದಿಂದ ಹೊರಗಿಡುವುದೂ, ಅಲ್ಲಿಗೆ ಹೋಗುವ ದಾರಿಯ ಹಕ್ಕನ್ನು ಉಳಿಸಿಕೊಳ್ಳುವುದೂ ಉಂಟು. ಅನಂತರ ಬರುವುದು ಬೆಲೆಯುಳ್ಳ ವಸ್ತುಗಳು. ಕಂಚು, ತಾಮ್ರದ ಪಾತ್ರೆಗಳನ್ನು ಪಾಲುದಾರರು ಹಂಚಿಕೊಳ್ಳುತ್ತಾರೆ. ಕಂಬ, ಬಾಗಿಲವಾಡ, ತೂಗುಮಂಚ, ಕಲೆಂಬಿಗಳಿಗೆ ಹಳೆಯ ಮರದ ವ್ಯಾಪಾರಿಗಳು ಬರುತ್ತಾರೆ. ಇಂತಹ ಮನೆಗಳು ಕಣ್ಣೆದುರೇ ಕಳಚಿ ಹೋಗುತ್ತಿದ್ದ ಕಾಲದಲ್ಲಿ ಮಣಿಪಾಲದ ವಿಜಯನಾಥ ಶೆಣೈ ಅವರು ಹಲವು ಮನೆಗಳನ್ನು ಬಿಚ್ಚಿ ತಂದು, ಹಸ್ತಶಿಲ್ಪದ ಪಾರಂಪರಿಕ ಗ್ರಾಮದಲ್ಲಿ ಮರಳಿ ಜೋಡಿಸಿ ನಿಲ್ಲಿಸಿದರು. ಆ ಸಾಹಸದಿಂದ ವಾಸ್ತುವಿನ ಒಂದು ಭಾಗವಾದರೂ ಮುಂದಿನವರಿಗೆ ಉಳಿಯಿತು.

ದೇವರಿಗೆ ಧರ್ಮವೂ ಮರಕ್ಕೆ ಮಾರುಕಟ್ಟೆಯೂ ಇರುವಾಗ, ಎರಡೂ ಇಲ್ಲದೆ ಅಟ್ಟದಲ್ಲಿ ಉಳಿಯುವುದು ಓಲೆಯ ಕಟ್ಟುಗಳು ಮತ್ತು ಕಡತಗಳು. ಓದಲು ಬಲ್ಲವರು ಮನೆಯಲ್ಲಿಲ್ಲದ ಕಾರಣ ಅವು ಗ್ರಂಥಗಳೋ ಲೆಕ್ಕಪತ್ರಗಳೋ ಎಂಬುದೂ ತಿಳಿಯುವುದಿಲ್ಲ. ಮನೆ ಗುಡಿಸಿ ಖಾಲಿ ಮಾಡುವ ದಿನ ಅವು ಕಸದ ರಾಶಿಯನ್ನು ಸೇರಬಹುದು, ಅಥವಾ ಪವಿತ್ರವೆಂಬ ಭಾವನೆಯಿಂದಲೇ ನೀರಿಗೆ ಬಿಡಲ್ಪಡಬಹುದು. ಎರಡರ ಫಲವೂ ಒಂದೇ.

ಈ ನಷ್ಟದ ಸ್ವರೂಪವನ್ನು ತಿಳಿಯಲು ಜೈನರ ಶಾಸ್ತ್ರದಾನದ ಪರಂಪರೆಯನ್ನು ಗಮನಿಸಬೇಕು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಕನ್ನಡ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಮೂಡಬಿದಿರೆಯಲ್ಲಿ ಉಳಿದುಬಂದ ಮಹಾಬಂಧದ ತಾಳೆಯೋಲೆಯ ಪ್ರತಿಯನ್ನು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆ ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗೆ ಅರ್ಪಿಸಿದಳೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ಗ್ರಂಥವೆಂಬುದು ದಾನದ ವಸ್ತು, ಅದರಲ್ಲಿಯೂ ಬಹುಮಟ್ಟಿಗೆ ಸ್ತ್ರೀಯರ ವ್ರತಗಳ ಫಲ. ಅದನ್ನು ಪಡೆದವರು ಕಾಪಾಡುವವರೇ ಹೊರತು ಮಾರುವವರಲ್ಲ. ಬೀಡಿನ ಅಟ್ಟದಲ್ಲಿರುವ ನೋಂಪಿಕಥೆಯ ಒಂದು ಸಾಮಾನ್ಯ ಪ್ರತಿಯ ಕೊನೆಯಲ್ಲೂ ಬರೆಯಿಸಿದವಳ ಹೆಸರು, ಲಿಪಿಕಾರನ ಹೆಸರು, ಊರು, ಸಂವತ್ಸರ ಇರಬಹುದು. ಶಾಸನಗಳಲ್ಲಿ ಕಾಣಿಸಿಕೊಳ್ಳದ ಎಷ್ಟೋ ಸ್ತ್ರೀಯರ ಅಸ್ತಿತ್ವಕ್ಕೆ ಇರುವ ಲಿಖಿತ ಸಾಕ್ಷಿ ಬಹುಶಃ ಅದೊಂದೇ.

ಗ್ರಂಥಗಳಲ್ಲದ ಬರವಣಿಗೆಯ ಬೆಲೆಯೂ ಕಡಿಮೆಯದಲ್ಲ. ಮೂಲಗೇಣಿ, ಚಾಲಗೇಣಿಗಳ ಚೀಟುಗಳು, ಅಡವು ಪತ್ರಗಳು, ಬಸದಿಯ ಉಂಬಳಿಯ ಲೆಕ್ಕ, ನೇಮ ಮತ್ತು ಕಂಬಳದ ಖರ್ಚಿನ ಪಟ್ಟಿ, ಪಾಲುಪಟ್ಟಿಗಳು ಇವುಗಳಿಂದ ಒಂದು ಸೀಮೆಯ ಕೃಷಿ, ಸಾಲ, ಕೂಲಿ, ಬೆಲೆಗಳ ಚಿತ್ರ ದೊರೆಯುತ್ತದೆ. ಕವರುಗಳ ಮೂಲಸ್ತ್ರೀಯರ ಹೆಸರುಗಳು, ಮನೆತನಗಳ ನಡುವಿನ ಸಂಬಂಧಗಳು ಗೊತ್ತಾಗುತ್ತವೆ. ಒಕ್ಕಲುಗಳ ಹೆಸರು ಬರಹದಲ್ಲಿ ಉಳಿದಿದ್ದರೆ ಅದು ಉಳಿದಿರುವುದು ಧಣಿಯ ಮನೆಯ ಈ ಕಡತಗಳಲ್ಲಿಯೇ. ಆದ್ದರಿಂದ ಅವುಗಳ ನಾಶವು ಆ ಮನೆತನವೊಂದರ ನಷ್ಟವಷ್ಟೇ ಅಲ್ಲ.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಮೂಡಬಿದಿರೆ, ಕಾರ್ಕಳ ಮೊದಲಾದೆಡೆಯ ಭಂಡಾರಗಳಲ್ಲಿ ಏನೇನಿದೆ ಎಂಬುದು ವಿದ್ವಲ್ಲೋಕಕ್ಕೆ ತಿಳಿದದ್ದು ಆ ಶ್ರಮದಿಂದ. ಅದರ ಮರುವರ್ಷವೇ ಅಳಿಯಸಂತಾನ ಕಾಯಿದೆ ಬಂದು ಕುಟುಂಬಗಳ ವಿಭಜನೆಗೆ ದಾರಿ ತೆರೆಯಿತು. ಮಠ ಬಸದಿಗಳ ಸಂಗ್ರಹಗಳು ಸೂಚಿಯ ರಕ್ಷಣೆ ಪಡೆದಂತೆ ಮನೆಗಳ ಸಂಗ್ರಹಗಳು ಪಡೆಯಲಿಲ್ಲ. ಮೂಡಬಿದಿರೆಯ ರಮಾರಾಣಿ ಜೈನ ಶೋಧ ಸಂಸ್ಥಾನ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮುಂತಾದ ನೆಲೆಗಳಲ್ಲಿ ಹಸ್ತಪ್ರತಿಗಳಿಗೆ ಆಶ್ರಯವಿದೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವೂ ಗಣನೆಯ ಕೆಲಸಕ್ಕೆ ಒತ್ತುಕೊಟ್ಟಿತು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ 75 ವರ್ಷಕ್ಕೆ ಕಡಿಮೆಯಿಲ್ಲದ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮಹತ್ತ್ವವುಳ್ಳ ಹಸ್ತಪ್ರತಿಗಳು ಪುರಾವಸ್ತುಗಳೆನಿಸುತ್ತವೆ. ಆದರೆ ಕಾಯಿದೆಯಾಗಲಿ ಸಂಸ್ಥೆಯಾಗಲಿ ಅಟ್ಟವನ್ನು ಹತ್ತಿ ನೋಡುವುದಿಲ್ಲ. ಆ ಕೆಲಸ ಸಂಶೋಧಕರದು. ಮನೆ ಬಿಕರಿಯಾಗುವ ಮುನ್ನ ಹೋಗಿ, ಯಾವ ಕಟ್ಟು ಮನೆಯ ಯಾವ ಭಾಗದಲ್ಲಿ ಯಾವುದರ ಜೊತೆಗಿತ್ತು ಎಂಬುದನ್ನು ಬರೆದುಕೊಂಡು, ಬಿಡಿಸಿ ಹಂಚದೆ ಒಟ್ಟಾಗಿಯೇ ಒಂದು ಭಂಡಾರಕ್ಕೆ ಒಪ್ಪಿಸುವಂತೆ ಮನೆಯವರ ಮನವೊಲಿಸಬೇಕು. ಮೂಲಸ್ಥಾನ ತಿಳಿಯದ ಓಲೆಯ ಸಾಕ್ಷ್ಯಮೌಲ್ಯ ಅರ್ಧಕ್ಕಿಳಿಯುತ್ತದೆ.

ಹಳೆಯ ಮನೆಯಲ್ಲಿ ವಾಸ ಮುಂದುವರಿಯಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ವಾಸ್ತುವಿನ ಮೇಲಿನ ಮಮತೆಯನ್ನು ಮಿತಿಗೊಳಿಸಿಕೊಳ್ಳಿರೆಂದು ಹೇಳಿದ ಧರ್ಮವು ಗೋಡೆ ಮಾಡುಗಳಿಗಾಗಿ ಶೋಕಿಸಲು ಹೇಳುವುದಿಲ್ಲ. ಅದೇ ಧರ್ಮವು ಶ್ರುತವನ್ನು ಕಾಪಾಡಲು ಒಂದು ಪರ್ವವನ್ನೇ ವಿಧಿಸಿದೆ. ಜ್ಯೇಷ್ಠ ಶುದ್ಧ ಪಂಚಮಿಯಂದು, ಶ್ರುತಪಂಚಮಿಯೆಂದು, ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವ ಪದ್ಧತಿಯಿದೆ. ವರ್ಷಕ್ಕೊಮ್ಮೆಯಾದರೂ ಪ್ರತಿ ಕಟ್ಟನ್ನೂ ಯಾರಾದರೂ ಬಿಚ್ಚಿ ನೋಡಲಿ ಎಂಬ ವಿವೇಕ ಅದರಲ್ಲಿ ಅಡಗಿದೆ. ಮನೆಯಲ್ಲಿ ಜನವಿರುವವರೆಗೆ ಈ ಆಚರಣೆ ನಡೆಯುತ್ತಿತ್ತು. ಬೀಗ ಬಿದ್ದ ವರ್ಷ ನಿಂತಿತು. ಮಾರಾಟಕ್ಕೆ ಅಣಿಯಾಗುತ್ತಿರುವ ಬೀಡುಗಳಲ್ಲಿ ಕ್ರಯಪತ್ರಕ್ಕೆ ಸಹಿ ಬೀಳುವ ಮುನ್ನ ಇನ್ನೊಂದು ಶ್ರುತಪಂಚಮಿ ನಡೆಯುವಂತಾದರೆ, ಆ ಮನೆಗಳ ಚರಿತ್ರೆಯನ್ನು ಬರೆಯಲು ಬೇಕಾದ ಆಧಾರಗಳಾದರೂ ಉಳಿಯುತ್ತವೆ.