ನಾಲ್ಕು ಬಳೆಗಳ ಲೆಕ್ಕ

ಒಂಬತ್ತನೇ ತರಗತಿಗೆ ಮಾರುಕಟ್ಟೆಯ ಪಾಠ ಮಾಡುವಾಗ ನಾನು ನಮ್ಮೂರ ಸಂತೆಯನ್ನೇ ಉದಾಹರಣೆ ಕೊಡುತ್ತಿದ್ದೆ. ಬದನೆಕಾಯಿ ಮಾರುವವಳು ಒಬ್ಬಳೇ ಇದ್ದರೆ ಅವಳು ಹೇಳಿದ್ದೇ ಬೆಲೆ. ಐದು ಜನ ಕುಳಿತರೆ ಬೆಲೆ ತಾನಾಗಿ ಇಳಿಯುತ್ತದೆ. ಸಂತೆಗೆ ಹೋಗಿಬಂದ ಯಾವ ಹೆಂಗಸಿಗೆ ಇದು ಗೊತ್ತಿಲ್ಲ?

2015ರಲ್ಲಿ ನಮ್ಮವರಿಗೆ ಎದೆನೋವು ಬಂತು. ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದೆವು. ಅಲ್ಲಿ ಒಂದೇ ರಸ್ತೆಯಲ್ಲಿ ಮೂರು ಖಾಸಗಿ ಆಸ್ಪತ್ರೆಗಳು. ರಕ್ತನಾಳ ಕಟ್ಟಿಕೊಂಡಿದೆ, ಸ್ಟೆಂಟ್ ಹಾಕಬೇಕು ಎಂದರು.

"ಬರಿಯ ಲೋಹದ್ದಿದೆ, ಔಷಧಿ ಲೇಪಿಸಿದ್ದೂ ಇದೆ. ಯಾವುದು ಹಾಕೋಣ ಮೇಡಂ?"

ನನಗೇನು ತಿಳಿದೀತು? "ಒಳ್ಳೆಯದನ್ನೇ ಹಾಕಿ ಡಾಕ್ಟರೇ" ಎಂದೆ. ಸ್ಟೆಂಟ್ ಒಂದಕ್ಕೇ 1,30,000 ರೂಪಾಯಿ! ಬದನೆಕಾಯಿಗೆ ಎರಡು ರೂಪಾಯಿ ಚೌಕಾಸಿ ಮಾಡುವ ನಾನು, ಎದುರಿನ ಆಸ್ಪತ್ರೆಯಲ್ಲಿ ಎಷ್ಟೆಂದು ಕೇಳಿ ಬರಲಿಲ್ಲ. ಗಂಡನನ್ನು ಸ್ಟ್ರೆಚರ್ ಮೇಲೆ ಬಿಟ್ಟು ಯಾರು ಹೋಗುತ್ತಾರೆ? ತವರಿನವರು ಹಾಕಿದ್ದ ನಾಲ್ಕು ಬಳೆ ಮಾರಿದೆ.

2016ರ ಜುಲೈಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಗರಿಷ್ಠ ಬೆಲೆ ಗೊತ್ತುಮಾಡಿತು. ತೆರಿಗೆ ಬಿಟ್ಟು, ಬರಿಯ ಲೋಹದ್ದಕ್ಕೆ 7,260 ರೂಪಾಯಿ. ಔಷಧಿ ಲೇಪಿಸಿದ್ದಕ್ಕೆ 29,600. ಪತ್ರಿಕೆ ಓದುತ್ತಿದ್ದ ನಮ್ಮವರು ಅದನ್ನು ಮಡಚಿಟ್ಟು, ಮಾತಾಡದೆ ನನ್ನ ಕೈ ನೋಡಿದರು.

ಸ್ಟೆಂಟ್ ಮಾರುವ ಕಂಪನಿಗಳೇನು ಒಂದೆರಡೇ? ಹಾಗಿದ್ದೂ ಬೆಲೆ ಏಕೆ ಇಳಿದಿರಲಿಲ್ಲ? ಪ್ರಾಧಿಕಾರದ ಲೆಕ್ಕ ನೋಡಿದಾಗ ಅರ್ಥವಾಯಿತು. ಕಂಪನಿಯಿಂದ ವಿತರಕರಿಗೆ, ಅವರಿಂದ ಆಸ್ಪತ್ರೆಗೆ ಬರುವಷ್ಟರಲ್ಲಿ ಹಂತ ಹಂತಕ್ಕೂ ಲಾಭ ಸೇರುತ್ತಿತ್ತು. ಅತಿ ಹೆಚ್ಚು ಸೇರುತ್ತಿದ್ದುದು ಆಸ್ಪತ್ರೆಯಲ್ಲೇ. ಕಂಪನಿಗಳು ಪೈಪೋಟಿ ನಡೆಸುತ್ತಿದ್ದುದು ನನಗಾಗಿ ಅಲ್ಲ, ಆಸ್ಪತ್ರೆಯ ಮನವೊಲಿಸಲು. ಆಸ್ಪತ್ರೆಗೆ ಅಗ್ಗವಾಗಿ ಕೊಟ್ಟು, ಮೇಲೆ ದೊಡ್ಡ ಬೆಲೆ ಅಚ್ಚುಹಾಕಿದರೆ ಸರಿ. ಆಯ್ಕೆ ಅವರದು, ಹಣ ನಮ್ಮದು. ಅಂಥ ಕಡೆ ಪೈಪೋಟಿಯೇ ಬೆಲೆಯನ್ನು ಏರಿಸುತ್ತದೆ.

ಇದು ಹೊಸ ಮಾತೂ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಬರೆದಿದ್ದರು: ಕಾಯಿಲೆ ಹೇಳಿ ಬರುವುದಿಲ್ಲ, ರೋಗಿಗೆ ತಿಳಿಯದ್ದು ವೈದ್ಯರಿಗೆ ತಿಳಿದಿರುತ್ತದೆ, ಹಾಗಾಗಿ ಚಿಕಿತ್ಸೆಯನ್ನು ಉಳಿದ ಸರಕಿನಂತೆ ಎಣಿಸಲಾಗದು ಎಂದು.

ಆದೇಶ ಬಂದದ್ದು ಸ್ಟೆಂಟಿಗೆ ಮಾತ್ರ. ಬಿಲ್ಲಿನ ಒಂದು ಸಾಲು ಇಳಿಯಿತು. ಕೋಣೆ ಬಾಡಿಗೆ, ಶಸ್ತ್ರಕ್ರಿಯೆಯ ಶುಲ್ಕ ಅದರ ಹಿಡಿತಕ್ಕೆ ಬರುವುದಿಲ್ಲ.

ನಮ್ಮವರು ಚೆನ್ನಾಗಿದ್ದಾರೆ, ಸಂತೆಯ ಚೀಲವನ್ನೂ ಅವರೇ ಹಿಡಿಯುತ್ತಾರೆ. ಕೈ ಬರಿದಾದದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಪಾಠ ಮಾತ್ರ ಬದಲಾಗಿದೆ. ಬದನೆಕಾಯಿಯ ಉದಾಹರಣೆ ಮುಗಿದ ಮೇಲೆ ಮಕ್ಕಳಿಗೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: "ಕೊಳ್ಳುವವಳಿಗೆ ಸಂತೆಯಿಂದ ಎದ್ದುಹೋಗಲು ಆಗದಿದ್ದರೆ?"