ಕಿನ್ನಾಳದ ಗೊಂಬೆಯೂ ಜಪಾನಿನ ಗೊಂಬೆಯೂ

ಕಿರುತೆರೆಯ ಮೇಲೆ ಜಪಾನ್ ಕಾಣಿಸಿಕೊಂಡಾಗಲೆಲ್ಲ ಒಂದು ಚಿತ್ರ ತಪ್ಪದೆ ಬರುತ್ತದೆ. ಹಿಂದೆ ಹಿಮ ಹೊದ್ದ ಫ್ಯೂಜಿ ಪರ್ವತ, ಮುಂದೆ ಬಾಣದಂತೆ ಹಾಯುವ ರೈಲು. ಜೊತೆಗೆ ಒಂದು ಮಾತೂ ಬರುತ್ತದೆ: ಜಪಾನೀಯರು ಹೊಸದನ್ನು ಹಿಡಿದರು, ಹಳೆಯದನ್ನೂ ಬಿಡಲಿಲ್ಲ. ಕೇಳುವುದಕ್ಕೆ ಚೆನ್ನಾಗಿರುವ ಈ ಮಾತು ಎಷ್ಟರ ಮಟ್ಟಿಗೆ ನಿಜ? ನಿಜವಾದರೆ ಅದು ಅವರಿಗೆ ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ನೀವೂ ನಾವೂ ಒಂದು ಪ್ರವಾಸ ಮಾಡೋಣ. ಭೂಪಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಆದರೆ ನಾವು ಹೊರಡುವುದು ವಿಮಾನ ನಿಲ್ದಾಣದಿಂದಲ್ಲ. ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರವಿರುವ ಕಿನ್ನಾಳದಿಂದ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ವಿದ್ಯಾರ್ಥಿಗಳಿಗೆ ಕಿನ್ನಾಳದ ಹೆಸರು ಹೊಸದಲ್ಲ. ಅಲ್ಲಿನ ಚಿತ್ರಗಾರ ಮನೆತನದವರು ತಲೆಮಾರುಗಳಿಂದ ಗೊಂಬೆ, ದೇವರ ಮೂರ್ತಿ, ತೊಟ್ಟಿಲು, ಮಂಟಪಗಳನ್ನು ಮಾಡುತ್ತ ಬಂದಿದ್ದಾರೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಒಳಮಾಳಿಗೆಯಲ್ಲಿರುವ ವರ್ಣಚಿತ್ರಗಳನ್ನು ಬರೆದವರು ತಮ್ಮ ಹಿರಿಯರೇ ಎಂಬ ಮಾತು ಅವರಲ್ಲಿ ಬಳಕೆಯಲ್ಲಿದೆ. ಗಂಗಾವತಿಯವರಾದರೆ ಆನೆಗೊಂದಿಯ ದಾರಿಯಲ್ಲಿ ಹೊಳೆ ದಾಟಿ ಆ ಚಿತ್ರಗಳನ್ನು ಕತ್ತೆತ್ತಿ ನೋಡಿಯೇ ಇರುತ್ತೀರಿ.

ಕಿನ್ನಾಳದ ಗೊಂಬೆ ಹೇಗಾಗುತ್ತದೆಂಬುದನ್ನು ಸ್ವಲ್ಪ ಗಮನವಿಟ್ಟು ನೋಡಿ. ಮುಂದೆ ಇದರಿಂದ ಪ್ರಯೋಜನವಿದೆ. ಮೊದಲು ಹಗುರವಾದ ಮರವನ್ನು ಕಡೆದು ಅಂಗಾಂಗಗಳನ್ನು ಬೇರೆ ಬೇರೆಯಾಗಿ ಮಾಡಿ ಜೋಡಿಸುತ್ತಾರೆ. ಹಳೆಯ ಗೋಣಿ ಚಿಂದಿಯನ್ನು ನೆನೆಹಾಕಿ, ಒಣಗಿಸಿ, ಪುಡಿ ಮಾಡಿ, ಅದಕ್ಕೆ ಮರದ ಹೊಟ್ಟನ್ನೂ ಹುಣಸೆಬೀಜದ ಅಂಟನ್ನೂ ಬೆರೆಸಿದರೆ ಕಿಟ್ಟ ಸಿದ್ಧವಾಗುತ್ತದೆ. ಜೋಡಣೆಯ ಸಂದುಗಳನ್ನು ಮುಚ್ಚಿ ಮೈಯನ್ನು ತಿದ್ದುವುದು ಈ ಕಿಟ್ಟದಿಂದ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಒಡವೆ, ಕಿರೀಟಗಳನ್ನು ಉಬ್ಬಾಗಿ ಎಬ್ಬಿಸುತ್ತಾರೆ. ಅದರ ಮೇಲೆ ಬಿಳಿಯ ಲೇಪ, ಆಮೇಲೆ ಬಣ್ಣ. ಬಂಗಾರದಂತೆ ಹೊಳೆಯುವ ಭಾಗಕ್ಕೆ ಬಳಸುವುದು ಬಂಗಾರವಲ್ಲ. ತವರದ ತಗಡನ್ನು ಅರೆದು ಮಾಡಿದ ಲೇಪವನ್ನು ಹಚ್ಚಿ ಉಜ್ಜಿ ಹೊಳಪು ತರುತ್ತಾರೆ. ಈ ವಿಧಾನಕ್ಕೆ ಲಾಜವಾರ ಎಂದು ಹೆಸರು. ಬಡವರ ಸಾಮಗ್ರಿಯಿಂದ ಅರಮನೆಯ ಕಳೆ ತರುವ ವಿದ್ಯೆ ಇದು.

ಇನ್ನು ಜಪಾನ್. ಕನ್ನಡಿಗರು ಆ ದೇಶವನ್ನು ನೋಡಿ ಬರುವುದು ಹೊಸದೇನೂ ಅಲ್ಲ. 1898ರಲ್ಲಿ, ಮುಂಬೈ ಪ್ರಾಂತದ ಸೇವೆಯಲ್ಲಿದ್ದ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರು ರಜೆ ಹಾಕಿ ಜಪಾನಿಗೆ ಹೋದರು. ಮೂರು ದಶಕಗಳಲ್ಲಿ ಆ ದೇಶ ಕೈಗಾರಿಕೆಯಲ್ಲಿಯೂ ಶಿಕ್ಷಣದಲ್ಲಿಯೂ ಇಟ್ಟ ದಾಪುಗಾಲು ಅವರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಮುಂದೆ ಅವರು ಮೈಸೂರಿನ ದಿವಾನರಾದಾಗಲೂ ಆ ಪ್ರಭಾವ ಕೆಲಸ ಮಾಡಿತು. ಅಂದಿನಿಂದ ನಮಗೆ ಜಪಾನೆಂದರೆ ಕಾರ್ಖಾನೆ. ಅದು ತಪ್ಪಲ್ಲ, ಆದರೆ ಅರ್ಧ ಮಾತು. ಚನ್ನಪಟ್ಟಣದ ಆಟಿಕೆಗಳ ವಿಷಯದಲ್ಲಿ ಬಾವಾಸ್ ಮಿಯಾ ಎಂಬವರು ಜಪಾನೀ ವಿಧಾನಗಳನ್ನು ಅಳವಡಿಸಿಕೊಂಡರೆಂದು ಹೇಳುತ್ತಾರೆ. ಹಾಗೆ ನೋಡಿದರೆ ಉಳಿದರ್ಧವನ್ನು ಮೊದಲು ಕಂಡವರು ಗೊಂಬೆ ಮಾಡುವವರೇ.

ಟೋಕಿಯೊದಲ್ಲಿ ಇಳಿದವರಿಗೆ ಮೊದಲಿಗೆ ನಿರಾಶೆಯಾದರೂ ಆಗಬಹುದು. ಎತ್ತ ನೋಡಿದರೂ ಗಾಜು, ಉಕ್ಕು, ಕಾಂಕ್ರೀಟು. 1868ರವರೆಗೆ ಎದೊ ಎಂಬ ಹೆಸರಿದ್ದ ಈ ನಗರ ಇಪ್ಪತ್ತನೆಯ ಶತಮಾನದಲ್ಲಿ ಎರಡು ಸಲ ಬೂದಿಯಾಯಿತು: 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಒಮ್ಮೆ, 1945ರ ಬಾಂಬು ದಾಳಿಗಳಲ್ಲಿ ಮತ್ತೊಮ್ಮೆ. ಆದ್ದರಿಂದ ಅಲ್ಲಿ ಹಳೆಯದೆಂದು ನಾವು ಫೋಟೋ ತೆಗೆದುಕೊಳ್ಳುವುದರಲ್ಲಿ ಬಹಳಷ್ಟು ಹೊಸದೇ. ಅಸಕುಸಾದ ಸೆನ್ಸೊ-ಜಿ ದೇವಾಲಯದ ಪ್ರಸಿದ್ಧ ಹೆಬ್ಬಾಗಿಲಿನಲ್ಲಿ ಕೆಂಪು ಕಾಗದದ ಭಾರಿ ದೀಪದ ಬುಡ್ಡಿಯೊಂದು ತೂಗುತ್ತದೆ. ಆ ಬಾಗಿಲು 1865ರಲ್ಲಿ ಸುಟ್ಟುಹೋಗಿ ತೊಂಬತ್ತೈದು ವರ್ಷ ಇರಲೇ ಇಲ್ಲ. 1960ರಲ್ಲಿ ಅದನ್ನು ಮತ್ತೆ ಕಟ್ಟಿಸಿಕೊಟ್ಟವರು ಕೊನೊಸುಕೆ ಮತ್ಸುಶಿತ. ನಿಮ್ಮ ಮನೆಯ ಹಿರಿಯರಿಗೆ ಪರಿಚಿತವಾದ ನ್ಯಾಷನಲ್ ರೇಡಿಯೊ ಇವರ ಕಂಪನಿಯದೇ. ರೇಡಿಯೊ ಮಾರಿ ಬಂದ ಹಣ ದೇವಸ್ಥಾನದ ಬಾಗಿಲಾಯಿತು!

ಟೋಕಿಯೊದಿಂದ ಉತ್ತರಕ್ಕೆ ಮೂವತ್ತು ಕಿಲೋಮೀಟರ್ ಹೋದರೆ ಇವಾತ್ಸುಕಿ. ಒಂದು ಕಾಲಕ್ಕೆ ಬೇರೆಯೇ ಊರಾಗಿದ್ದದ್ದು 2005ರಲ್ಲಿ ಸೈತಾಮ ನಗರದ ಭಾಗವಾಯಿತು. ಇದು ಗೊಂಬೆಗಳ ಊರು. ಹದಿನೇಳನೆಯ ಶತಮಾನದಲ್ಲಿ ನಿಕ್ಕೊ ಎಂಬಲ್ಲಿ ತೊಕುಗವಾ ಮನೆತನದವರು ವೈಭವದ ದೇಗುಲ ಕಟ್ಟಿಸಿದಾಗ ಕೆಲಸಕ್ಕೆ ಬಂದ ಕುಶಲಕರ್ಮಿಗಳು ಹಿಂದಿರುಗುವ ದಾರಿಯಲ್ಲಿ ಇಲ್ಲಿ ನೆಲೆನಿಂತರೆಂದು ಊರಿನವರ ಹೇಳಿಕೆ. ಹಂಪಿಯ ಚಿತ್ರಗಾರರು ಕಿನ್ನಾಳಕ್ಕೆ ಬಂದ ಕಥೆ ನೆನಪಾಯಿತಲ್ಲವೆ? ಈ ಕಡೆ ಪಾವ್ಲೋನಿಯಾ ಎಂಬ ಹಗುರ ಮರ ಹೇರಳ. ಅದರಿಂದ ಪೆಟ್ಟಿಗೆ ಮಾಡುವಾಗ ಉಳಿಯುವ ಹೊಟ್ಟನ್ನು ಗೋಧಿಯ ಅಂಟಿನಲ್ಲಿ ಕಲಸಿ ಗೊಂಬೆಯ ತಲೆ ಮಾಡಿದರು. ಒಣಗಿದ ಮೇಲೆ ಚಿಪ್ಪಿನ ಸುಣ್ಣದಂಥ ಬಿಳಿಪುಡಿಯನ್ನು ಅಂಟಿನಲ್ಲಿ ಬೆರೆಸಿ ಹಲವು ಸಲ ಲೇಪಿಸಿ ಮುಖಕ್ಕೆ ಕಾಂತಿ ತಂದರು.

ಮರದ ಹೊಟ್ಟು, ಅಂಟು, ಬಿಳಿಯ ಲೇಪ, ಆಮೇಲೆ ಬಣ್ಣ. ಇವಾತ್ಸುಕಿಯವರು ಕಿನ್ನಾಳದಿಂದ ಕಲಿಯಲಿಲ್ಲ, ಕಿನ್ನಾಳದವರು ಇವಾತ್ಸುಕಿಯಿಂದ ಕಲಿಯಲಿಲ್ಲ. ಒಬ್ಬರಿಗೆ ಹುಣಸೆಬೀಜ ಸಿಕ್ಕಿತು, ಇನ್ನೊಬ್ಬರಿಗೆ ಗೋಧಿ. ಕೈಯ ಜಾಣತನ ಒಂದೇ.

ಈ ಗೊಂಬೆಗಳು ಯಾರಿಗೆ ಬೇಕು? ಮಾರ್ಚ್ 3 ಜಪಾನಿನ ಹೆಣ್ಣುಮಕ್ಕಳ ಹಬ್ಬ. ಅಂದು ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ರಾಜ, ರಾಣಿ, ಸಖಿಯರು, ವಾದ್ಯಗಾರರನ್ನು ಸಾಲಾಗಿ ಕೂರಿಸುತ್ತಾರೆ. ಪೂರ್ಣ ಜೋಡಣೆಯಲ್ಲಿ ಏಳು ಮೆಟ್ಟಿಲು, ಹದಿನೈದು ಗೊಂಬೆ. ಮೈಸೂರು ಕಡೆ ನವರಾತ್ರಿಯಲ್ಲಿ ಪಟ್ಟದ ಗೊಂಬೆ ಕೂರಿಸುವುದನ್ನು ನೋಡಿದವರಿಗೆ ಇದು ತೀರ ಪರಿಚಿತವೆನಿಸುತ್ತದೆ. ಹೆಣ್ಣುಮಗು ಹುಟ್ಟಿದರೆ ಮೊದಲ ಹಬ್ಬಕ್ಕೆ ಈ ಗೊಂಬೆಗಳನ್ನು ತಂದುಕೊಡುವವರು ಬಹುಮಟ್ಟಿಗೆ ತಾಯಿಯ ತವರಿನವರು. ಹಬ್ಬ ಮುಗಿದ ಮೇಲೆ ತಡಮಾಡದೆ ಎತ್ತಿಡಬೇಕು, ಇಲ್ಲದಿದ್ದರೆ ಹುಡುಗಿಯ ಮದುವೆ ತಡವಾಗುತ್ತದೆ ಎಂಬ ನಂಬಿಕೆಯೂ ಉಂಟು. ಅಂದರೆ ಹೆಣ್ಣುಮಗು ಹುಟ್ಟಿದ ಮನೆಯಿಂದ ಇವಾತ್ಸುಕಿಗೆ ಬೇಡಿಕೆ ಬರುತ್ತದೆ.

ಇದೇ ನಮ್ಮ ಪ್ರಶ್ನೆಗೆ ಸಿಕ್ಕ ಮೊದಲ ಎಳೆ. ಇದನ್ನು ಹಿಡಿದು ತಕಾಸಾಕಿಗೆ ಹೋಗೋಣ. ಟೋಕಿಯೊದಿಂದ ಸುಮಾರು ನೂರು ಕಿಲೋಮೀಟರ್. ಅಲ್ಲಿ ಕಾಗದದ ರದ್ದಿನಿಂದ ದರುಮ ಎಂಬ ಗುಂಡನೆಯ ಕೆಂಪು ಗೊಂಬೆ ಮಾಡುತ್ತಾರೆ. ದರುಮ ಎಂದರೆ ಬೋಧಿಧರ್ಮ. ದಕ್ಷಿಣ ಭಾರತದಿಂದ ಚೀನಾಕ್ಕೆ ಹೋದನೆಂದು ಪರಂಪರೆ ಹೇಳುವ ಬೌದ್ಧ ಗುರು. ಅಂಗಡಿಯಲ್ಲಿ ಈ ಗೊಂಬೆಗೆ ಕಣ್ಣಿರುವುದಿಲ್ಲ. ಕೊಂಡವನು ಹರಕೆ ಹೊತ್ತು ಒಂದು ಕಣ್ಣು ಬರೆಯುತ್ತಾನೆ, ಹರಕೆ ಈಡೇರಿದ ಮೇಲೆ ಇನ್ನೊಂದು. ವರ್ಷ ಕಳೆದ ಮೇಲೆ ಹಳೆಯದನ್ನು ದೇವಾಲಯಕ್ಕೆ ಒಪ್ಪಿಸುತ್ತಾರೆ, ಅಲ್ಲಿ ಅದನ್ನು ಸುಡುತ್ತಾರೆ. ಮತ್ತೆ ಹೊಸದನ್ನು ಕೊಳ್ಳುತ್ತಾರೆ. ಪರೀಕ್ಷೆಗೆ ಕೂರುವ ವಿದ್ಯಾರ್ಥಿಯೂ ಚುನಾವಣೆಗೆ ನಿಲ್ಲುವ ರಾಜಕಾರಣಿಯೂ ದರುಮನ ಗಿರಾಕಿಗಳೇ.

ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ ರೈಲಿನಲ್ಲಿ ಎರಡೂಕಾಲು ಗಂಟೆಯ ಪ್ರಯಾಣ. ಈ ಮಾರ್ಗ ಆರಂಭವಾದದ್ದು 1964ರ ಅಕ್ಟೋಬರ್ 1ರಂದು, ಟೋಕಿಯೊ ಒಲಿಂಪಿಕ್ಸ್‌ಗೆ ಕೆಲವೇ ದಿನ ಮುಂಚೆ. ಸಾವಿರ ವರ್ಷಕ್ಕೂ ಮಿಕ್ಕಿ ರಾಜಧಾನಿಯಾಗಿದ್ದ ಕ್ಯೋಟೊದಲ್ಲಿ ನೋಡುವುದು ಬಹಳವಿದೆ. ನಾವು ನೇಕಾರರ ಕೇರಿ ನಿಶಿಜಿನ್‌ನಲ್ಲಿ ಮಾತ್ರ ನಿಲ್ಲೋಣ. 1868ರಲ್ಲಿ ಚಕ್ರವರ್ತಿಯ ಆಡಳಿತ ಟೋಕಿಯೊಗೆ ಹೋದಾಗ ದರಬಾರಿನ ಬಟ್ಟೆ ನೇಯುತ್ತಿದ್ದವರ ಹೊಟ್ಟೆಗೆ ಕಲ್ಲು ಬಿತ್ತು. 1872ರಲ್ಲಿ ಇಲ್ಲಿಂದ ಮೂವರನ್ನು ಫ್ರಾನ್ಸಿನ ಲಿಯೋಂ ನಗರಕ್ಕೆ ಕಳಿಸಿ, ಅಲ್ಲಿನ ಜಕಾರ್ಡ್ ಮಗ್ಗದ ವಿದ್ಯೆಯನ್ನು ತರಿಸಿಕೊಂಡರು. ಹಳೆಯದನ್ನು ಉಳಿಸಲು ಅವರು ಕದ ಮುಚ್ಚಿಕೊಳ್ಳಲಿಲ್ಲ, ತೆರೆದರು. ಕುಷ್ಟಗಿಯವರು ಊರು ದಾಟಿ ಇಳಕಲ್ಲಿಗೆ ಹೋಗಿ, ಸೀರೆಯ ಮೈಯ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಹಾಕಿ ಜೋಡಿಸುವ ತೋಪು ತೆನೆಯ ಕೆಲಸವನ್ನು ನೋಡಿದರೆ, ನೇಕಾರನ ಬೆರಳು ಎಂದರೇನೆಂಬುದು ಪುಸ್ತಕವಿಲ್ಲದೆ ತಿಳಿಯುತ್ತದೆ.

ಕ್ಯೋಟೊದ ದಕ್ಷಿಣಕ್ಕೆ ನಾರಾ. ಇಲ್ಲಿ ಒಂದು ಕ್ಷಣ ಕೊಪ್ಪಳವನ್ನು ನೆನೆಯಿರಿ. ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದವು. ತಾನು ಬುದ್ಧನ ಉಪಾಸಕನಾದೆ, ಸಂಘಕ್ಕೆ ಹತ್ತಿರವಾದೆ ಎಂದು ಅರಸನೇ ಅವುಗಳಲ್ಲಿ ಹೇಳಿಕೊಂಡಿದ್ದಾನೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕೊಪ್ಪಳದ ಬಂಡೆಯ ಮೇಲೆ ಮೂಡಿದ ಆ ಧರ್ಮದ ಮಾತು ಚೀನಾ, ಕೊರಿಯಾಗಳನ್ನು ಸುತ್ತಿ ಜಪಾನ್ ಮುಟ್ಟಿದ್ದು ಕ್ರಿಸ್ತಶಕ ಆರನೆಯ ಶತಮಾನದಲ್ಲಿ. 752ರಲ್ಲಿ ನಾರಾದ ತೊದಾಯ್-ಜಿಯಲ್ಲಿ ಕಂಚಿನ ಮಹಾಬುದ್ಧನಿಗೆ ಕಣ್ಣು ತೆರೆಸುವ ಉತ್ಸವ ನಡೆದಾಗ ಕುಂಚ ಹಿಡಿದವನು ಬೋಧಿಸೇನ ಎಂಬ ಭಾರತೀಯ ಭಿಕ್ಷು. ಆ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರು ಅದನ್ನು ಹಿಡಿದು ಪುಣ್ಯದಲ್ಲಿ ಪಾಲುಗೊಂಡರು. ಕುಂಚವೂ ದಾರವೂ ಇಂದಿಗೂ ಅಲ್ಲಿನ ಭಂಡಾರದಲ್ಲಿ ಉಳಿದಿವೆ. ಮೂರ್ತಿಗೆ ಕಣ್ಣು ಬರೆಯುವುದನ್ನು ಕೊನೆಗಿಟ್ಟುಕೊಳ್ಳುವ ನಮ್ಮ ಚಿತ್ರಗಾರರಿಗೆ ಈ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗೆಂದು ಜಪಾನೀಯರು ಎಂದೂ ಎಡವಲಿಲ್ಲವೆಂದು ತಿಳಿಯಬೇಡಿ. 1868ರ ನಂತರದ ಹುರುಪಿನಲ್ಲಿ ಎಷ್ಟೋ ಬೌದ್ಧ ದೇವಾಲಯಗಳನ್ನು ಅವರೇ ಕೆಡವಿದರು. ಜಗತ್ತಿನ ಅತ್ಯಂತ ಹಳೆಯ ಮರದ ಕಟ್ಟಡಗಳಿರುವ ಹೊರ್ಯು-ಜಿಯಲ್ಲಿ 1949ರ ಜನವರಿ 26ರಂದು ಬೆಂಕಿ ಬಿದ್ದು, ಅಜಂತಾವನ್ನು ನೆನಪಿಸುವ ಭಿತ್ತಿಚಿತ್ರಗಳು ಹಾಳಾದವು. ನಮಗೆ ಮರುವರ್ಷದಿಂದ ಗಣರಾಜ್ಯೋತ್ಸವವಾದ ಆ ತಾರೀಖು ಅವರಿಗೆ ಪುರಾತನ ಆಸ್ತಿಗಳನ್ನು ಬೆಂಕಿಯಿಂದ ಕಾಯುವ ದಿನ. ಆ ಆಘಾತದ ಫಲವಾಗಿ 1950ರಲ್ಲಿ ಬಂದ ಕಾನೂನು ಕಟ್ಟಡ, ವಿಗ್ರಹಗಳನ್ನಷ್ಟೇ ಅಲ್ಲ, ಕೈಯ ವಿದ್ಯೆಯನ್ನೂ ರಾಷ್ಟ್ರದ ಆಸ್ತಿಯೆಂದು ಪರಿಗಣಿಸಿತು. 1955ರಿಂದ ಕುಂಬಾರಿಕೆ, ನೇಕಾರಿಕೆ, ರಂಗಕಲೆಗಳ ಹಿರಿಯರನ್ನು ಹೆಸರಿಸಿ ಗೌರವಿಸತೊಡಗಿದರು. ಜನರ ಬಾಯಲ್ಲಿ ಅವರು ಜೀವಂತ ರಾಷ್ಟ್ರನಿಧಿಗಳು.

ಕಾನೂನಿಗಿಂತ ಹಳೆಯ ಉಪಾಯವೊಂದು ಇಸೆ ಎಂಬಲ್ಲಿದೆ. ಅಲ್ಲಿನ ಮರದ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆ. 690ರಲ್ಲಿ ಆರಂಭವಾದ ಈ ಪದ್ಧತಿ ಯುದ್ಧದ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತುಹೋಗಿ ಮತ್ತೆ ಚಿಗುರಿತು. 2013ರಲ್ಲಿ ನಡೆದದ್ದು 62ನೆಯ ಸಲ, ಮುಂದಿನದು 2033ರಲ್ಲಿ. ಇಪ್ಪತ್ತರಲ್ಲಿ ಕೆಲಸ ಕಲಿತ ಬಡಗಿ ನಲವತ್ತರಲ್ಲಿ ಮುಂದೆ ನಿಂತು ಮಾಡುತ್ತಾನೆ, ಅರವತ್ತರಲ್ಲಿ ಕಲಿಸುತ್ತಾನೆ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು ಪಕ್ಕದಲ್ಲಿಟ್ಟು ನೋಡಿ. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಆ ಕಲ್ಲಿನ ಕೆಲಸ ಒಂಬತ್ತು ಶತಮಾನ ನಿಂತಿದೆ. ಅದನ್ನು ಕೆತ್ತಿದ ಕೈಗಳ ಪರಂಪರೆ ಎಲ್ಲಿದೆ? ಇಸೆಯಲ್ಲಿ ಮರ ಉಳಿಯಲಿಲ್ಲ, ಕೈ ಉಳಿಯಿತು.

ಇಸೆಗೆ ಇಪ್ಪತ್ತು ವರ್ಷ, ದರುಮನಿಗೆ ಒಂದು ವರ್ಷ, ಹಬ್ಬದ ಗೊಂಬೆಗೆ ಒಂದು ಹೆಣ್ಣುಮಗು. ಎಲ್ಲೆಲ್ಲಿ ಪದ್ಧತಿಯೊಂದು ಗಿರಾಕಿಯನ್ನು ಮತ್ತೆ ಮತ್ತೆ ಕರೆತರುತ್ತದೆಯೋ ಅಲ್ಲಿ ಕಸುಬು ಉಸಿರಾಡುತ್ತದೆ. ಪದ್ಧತಿ ಸಡಿಲವಾದರೆ ಜಪಾನಿನಲ್ಲಿಯೂ ಕಷ್ಟವೇ. ಅಲ್ಲಿ ಜನನ ಪ್ರಮಾಣ ಇಳಿಯುತ್ತಿದೆ, ಮನೆಗಳು ಚಿಕ್ಕವು, ಏಳು ಮೆಟ್ಟಿಲಿನ ಜಾಗದಲ್ಲಿ ರಾಜ ರಾಣಿ ಇಬ್ಬರೇ ಕೂರುತ್ತಾರೆ. ಗೊಂಬೆಯ ತಲೆಗೆ ಹೊಟ್ಟಿನ ಬದಲು ಜಿಪ್ಸಮ್ಮಿನ ಅಚ್ಚು ಬಂದಿದೆ. ಇವಾತ್ಸುಕಿಯ ಗೊಂಬೆಗೆ 2007ರಲ್ಲಿ ಸಾಂಪ್ರದಾಯಿಕ ಕರಕುಶಲವೆಂಬ ಸರಕಾರಿ ಮನ್ನಣೆ ದೊರೆಯಿತು, 2020ರಲ್ಲಿ ಗೊಂಬೆಗಳ ವಸ್ತುಸಂಗ್ರಹಾಲಯವೂ ತೆರೆಯಿತು.

ಕಿನ್ನಾಳದ ಗೊಂಬೆಗೂ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿದೆ. ಅದು ಹೆಸರನ್ನು ಕಾಯುತ್ತದೆ, ಗಿರಾಕಿಯನ್ನು ತರುವುದಿಲ್ಲ. ಇತ್ತ ಭಾನಾಪುರದ ಬಳಿ ಆಟಿಕೆ ಕಾರ್ಖಾನೆಗಳ ದೊಡ್ಡ ಸಮುಚ್ಚಯಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಅದನ್ನು ಬೇಡವೆನ್ನುವುದು ಸರಿಯಲ್ಲ. ಸಾವಿರಾರು ಜನಕ್ಕೆ ಕೆಲಸ ಬೇಕು, ವಿಶ್ವೇಶ್ವರಯ್ಯನವರೂ ಬೇಡವೆನ್ನುತ್ತಿರಲಿಲ್ಲ. ಆದರೆ ಒಂದೇ ಜಿಲ್ಲೆಯಲ್ಲಿ ಅಚ್ಚಿನಿಂದ ಉದುರುವ ಆಟಿಕೆಯೂ ಕಿಟ್ಟ ಹಚ್ಚಿ ಒಣಗಲು ಕಾಯುವ ಗೊಂಬೆಯೂ ಒಟ್ಟಿಗೆ ಬಾಳಬೇಕಾದರೆ, ಎರಡನೆಯದಕ್ಕೆ ತನ್ನದೇ ಆದ ಗಿರಾಕಿ ಬೇಕು. ಆ ಗಿರಾಕಿ ಈಗಲೂ ಸ್ವಲ್ಪ ಮಟ್ಟಿಗೆ ಇದ್ದಾನೆ, ಹಳ್ಳಿಗಳಲ್ಲಿ. ನಮ್ಮ ಕಡೆ ದ್ಯಾಮವ್ವನ ಜಾತ್ರೆ ಗೊತ್ತಾದರೆ ಮರದ ಮೂರ್ತಿಯನ್ನು ಮೊದಲು ಬಣ್ಣಕ್ಕೆ ಕೊಡುತ್ತಾರೆ. ಚಿತ್ರಗಾರ ಹಳೆಯ ಬಣ್ಣ ತೆಗೆದು, ಬಿರುಕು ತುಂಬಿ, ಹೊಸ ಬಣ್ಣ ಹಚ್ಚಿ, ಕಟ್ಟಕಡೆಗೆ ಕಣ್ಣು ಬರೆಯುತ್ತಾನೆ. ನಿಮ್ಮ ಊರಿನ ದ್ಯಾಮವ್ವನಿಗೆ ಕಳೆದ ಸಲ ಬಣ್ಣ ಹಚ್ಚಿದವರು ಯಾರು, ಎಷ್ಟು ವರ್ಷಕ್ಕೊಮ್ಮೆ ಹಚ್ಚುತ್ತಾರೆ, ಅವರ ಮನೆಯಲ್ಲಿ ಈಗ ಕುಂಚ ಹಿಡಿಯುವವರು ಎಷ್ಟು ಜನ? ಊರಿನ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಕಿನ್ನಾಳಕ್ಕೆ ಹೋಗುವಾಗ ಆ ಕಾಗದ ನಿಮ್ಮ ಕೈಯಲ್ಲಿರಲಿ.