ಹೈಸ್ಕೂಲ್ ಮುಗಿಯೋ ಮೊದಲೇ ಕಾಲೇಜು: ಅಮೆರಿಕದಲ್ಲಿ ಇದು ಶುರುವಾಗಿದ್ದು ಯಾರಿಗಾಗಿ?

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರೋ ನಮ್ಮ ಕೇಳುಗರೊಬ್ಬರು, ಮೂಲತಃ ಹಾಸನದ ಕಡೆಯವರು. ಅವರು ಹೇಳಿದ್ದು ಇಷ್ಟು: "ಮಗಳು ಮುಂದಿನ ವರ್ಷ ಹನ್ನೊಂದನೇ ಕ್ಲಾಸು. ಇಲ್ಲಿ ಹೈಸ್ಕೂಲ್‌ನಲ್ಲಿ ಇರುವಾಗಲೇ ಕಮ್ಯುನಿಟಿ ಕಾಲೇಜಿಗೆ ಹೋಗಿ ಡಿಗ್ರಿ ಪಾಠ ಓದಬಹುದು, ಟ್ಯೂಷನ್ ಫೀಸ್ ಇಲ್ಲ. ಎರಡು ವರ್ಷದ ಖರ್ಚು ಉಳಿಯುತ್ತೆ ಅಂತ ನಾನು. ಹದಿನಾರು ವರ್ಷದ ಹುಡುಗಿಗೆ ಏನವಸರ ಅಂತ ನನ್ನ ಹೆಂಡತಿ. ನೀವೇನಂತೀರಿ?"

ಸರ್, ನಾನು ಓದಿದ್ದು ಇಲ್ಲೇ, ಬಿ.ಕಾಂ. ನಿಮ್ಮ ಮಗಳಿಗೆ ಸಲಹೆ ಕೊಡೋಷ್ಟು ದೊಡ್ಡವನಲ್ಲ. ಆದರೆ ಈ ವ್ಯವಸ್ಥೆ ಎಲ್ಲಿಂದ ಬಂತು, ಯಾಕೆ ಬಂತು ಅಂತ ಹುಡುಕಬಹುದಲ್ವಾ? ಹುಡುಕಿದೆ. ನಿಮ್ಮ ಮನೆಯ ಜಗಳಕ್ಕೆ ಉತ್ತರ ಒಂದು ಮಟ್ಟಿಗೆ ಆ ಇತಿಹಾಸದಲ್ಲೇ ಇದೆ ಅನ್ನಿಸ್ತು.

ಮೊದಲು ಇದೇನು ಅಂತ ತಿಳ್ಕೊಳ್ಳೋಣ. ಇದಕ್ಕೆ ಡ್ಯುಯಲ್ ಎನ್‌ರೋಲ್‌ಮೆಂಟ್ ಅಂತಾರೆ. ಒಂದೇ ಪಾಠ, ಎರಡು ಲೆಕ್ಕ. ಇಂಗ್ಲಿಷ್ ಕಾಂಪೊಸಿಷನ್ ಅನ್ನೋ ಕಾಲೇಜು ವಿಷಯ ಪಾಸ್ ಮಾಡಿದ್ರೆ ಹೈಸ್ಕೂಲ್‌ಗೂ ಅದು ಲೆಕ್ಕ, ಕಾಲೇಜಿಗೂ ಲೆಕ್ಕ. ಅಮೆರಿಕದಲ್ಲಿ ನಾಲ್ಕು ವರ್ಷದ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಕಮ್ಯುನಿಟಿ ಕಾಲೇಜು ಅಂದ್ರೆ ಕಡಿಮೆ ಫೀಸಿನ ಎರಡು ವರ್ಷದ ಸರ್ಕಾರಿ ಕಾಲೇಜು. ಅಲ್ಲಿ ಮೊದಲ 60 ಕ್ರೆಡಿಟ್ ಮುಗಿಸಿ ಉಳಿದದ್ದಕ್ಕೆ ದೊಡ್ಡ ಯೂನಿವರ್ಸಿಟಿಗೆ ಹೋಗಬಹುದು. ಹೈಸ್ಕೂಲ್ ಮುಗಿಯೋವಾಗಲೇ ಈ 60ನ್ನೂ ಮುಗಿಸೋ ಮಕ್ಕಳಿದ್ದಾರೆ.

ಇನ್ನು ಇತಿಹಾಸಕ್ಕೆ ಬರೋಣ. ಕಾಲೇಜನ್ನು ಹೈಸ್ಕೂಲ್ ಮಕ್ಕಳ ಹತ್ತಿರ ತರೋದು ಹೊಸ ಐಡಿಯಾ ಅಂದ್ಕೊಂಡಿದ್ರೆ ತಪ್ಪು. ಕಮ್ಯುನಿಟಿ ಕಾಲೇಜು ಹುಟ್ಟಿದ್ದೇ ಹೈಸ್ಕೂಲ್ ಒಳಗೆ!

1901, ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣ. ಅಲ್ಲಿನ ಹೈಸ್ಕೂಲ್ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್, ಶಿಕಾಗೋ ಯೂನಿವರ್ಸಿಟಿಯ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್. ಈ ಇಬ್ಬರೂ ಸೇರಿ ಒಂದು ಪ್ರಯೋಗ ಮಾಡಿದ್ರು. ಹೈಸ್ಕೂಲ್ ಮುಗಿಸಿದ ಮಕ್ಕಳು ಊರು ಬಿಡದೆ, ಅದೇ ಶಾಲೆಯಲ್ಲೇ ಡಿಗ್ರಿಯ ಮೊದಲ ಎರಡು ವರ್ಷ ಓದೋದು. ಮೊದಲ ಬ್ಯಾಚ್‌ನಲ್ಲಿ ಇದ್ದದ್ದು ಆರೇ ಆರು ವಿದ್ಯಾರ್ಥಿಗಳು. ಅದೇ ಮುಂದೆ ಜೋಲಿಯೆಟ್ ಜೂನಿಯರ್ ಕಾಲೇಜ್ ಆಯ್ತು. ಗಮನಿಸಿ, ಜೂನಿಯರ್ ಕಾಲೇಜು ಅಂದ ತಕ್ಷಣ ನಮಗೆ ನೆನಪಾಗೋದು ಪಿಯುಸಿ. ಅಲ್ಲಿ ಅದು ಹನ್ನೆರಡನೇ ಕ್ಲಾಸಿನ ನಂತರದ ಎರಡು ವರ್ಷ. ದೊಡ್ಡ ಊರಿಗೆ ಹೋಗಿ ಓದೋಕೆ ದುಡ್ಡಿಲ್ಲದ ಮನೆಯ ಮಕ್ಕಳಿಗೆ ಇದು ಬಾಗಿಲು ತೆರೆಯಿತು.

ಹೈಸ್ಕೂಲ್ ಮುಗಿಯೋ ಮೊದಲೇ ಕಾಲೇಜು ಪಾಠ ಕೊಡೋ ಯೋಚನೆ ಬಲವಾಗಿದ್ದು 1950ರ ದಶಕದಲ್ಲಿ. ಆಗಿನ ಚಿಂತೆ ಬೇರೆ: ಚೆನ್ನಾಗಿ ಓದೋ ಮಕ್ಕಳಿಗೆ ಹೈಸ್ಕೂಲಿನ ಕೊನೇ ವರ್ಷ ಬೋರು, ಆ ವರ್ಷ ದಂಡ. 1955ರಲ್ಲಿ ಕನೆಕ್ಟಿಕಟ್ ಯೂನಿವರ್ಸಿಟಿ ತನ್ನ ಪಾಠಗಳನ್ನು ಹೈಸ್ಕೂಲ್‌ಗಳಲ್ಲೇ ಕಲಿಸೋ ವ್ಯವಸ್ಥೆ ಶುರು ಮಾಡಿತು. ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದ್ರೆ ಎಪಿ ಪರೀಕ್ಷೆಗಳು ಬಂದಿದ್ದೂ ಅದೇ ಹೊತ್ತಿಗೆ. ಎರಡೂ ಮುಂದಿರೋರನ್ನ ಇನ್ನೂ ಮುಂದೆ ಕಳಿಸೋ ದಾರಿ.

ಇಪ್ಪತ್ತು ವರ್ಷ ಆದ್ಮೇಲೆ ಕಥೆ ತಿರುಗುತ್ತೆ. 1974, ನ್ಯೂಯಾರ್ಕ್‌ನ ಕ್ವೀನ್ಸ್. ಲಾಗಾರ್ಡಿಯಾ ಕಮ್ಯುನಿಟಿ ಕಾಲೇಜಿನ ಜಾನೆಟ್ ಲೀಬರ್‌ಮನ್ ಎಂಬ ಪ್ರೊಫೆಸರ್ ಕಾಲೇಜಿನ ಆವರಣದಲ್ಲೇ ಒಂದು ಹೈಸ್ಕೂಲ್ ಶುರು ಮಾಡಿಸ್ತಾರೆ. ಹೆಸರು ಮಿಡಲ್ ಕಾಲೇಜ್ ಹೈಸ್ಕೂಲ್. ಸೇರಿಸಿಕೊಂಡಿದ್ದು ರ‍್ಯಾಂಕ್ ಮಕ್ಕಳನ್ನಲ್ಲ, ಇವತ್ತೋ ನಾಳೆಯೋ ಶಾಲೆ ಬಿಡಬಹುದು ಅನ್ನೋ ಮಕ್ಕಳನ್ನ. ಕಾಲೇಜಿನ ಕಾರಿಡಾರ್‌ನಲ್ಲಿ ದಿನಾ ಓಡಾಡಿದ್ರೆ, ಲೈಬ್ರರಿಯಲ್ಲಿ ದೊಡ್ಡವರ ಪಕ್ಕ ಕೂತ್ರೆ, "ಇದು ನನಗೂ ಸೇರಿದ ಜಾಗ" ಅನ್ನೋ ನಂಬಿಕೆ ಹುಟ್ಟುತ್ತೆ ಅನ್ನೋದು ಅವರ ಲೆಕ್ಕ. ಆದರೆ ಬರೀ ಬಾಗಿಲು ತೆಗೆದು ಬಿಡಲಿಲ್ಲ. ಶಾಲೆ ಚಿಕ್ಕದು. ಮಕ್ಕಳ ಜೊತೆ ಕೂತು ಮಾತಾಡೋ ಕೌನ್ಸೆಲರ್‌ಗಳಿದ್ದರು. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ನಂತರ ಬಂದಿದ್ದು ಸರ್ಕಾರದ ದುಡ್ಡು. 1985ರಲ್ಲಿ ಮಿನೆಸೋಟ ರಾಜ್ಯದ ಗವರ್ನರ್ ರೂಡಿ ಪರ್ಪಿಚ್. ರಾಜಕೀಯಕ್ಕೆ ಬರೋ ಮೊದಲು ಇವರು ಹಲ್ಲಿನ ಡಾಕ್ಟರ್! ಇವರ ಕಾಲದ ಕಾನೂನಿನ ಪ್ರಕಾರ ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳು ಕಾಲೇಜಿಗೆ ಹೋಗಿ ಓದಬಹುದು, ಖರ್ಚು ರಾಜ್ಯದ್ದು. ಸೂಕ್ಷ್ಮ ಇರೋದು ಇಲ್ಲಿ: ಮಗು ಕಾಲೇಜಿಗೆ ಹೋದ್ರೆ, ಆ ಮಗುವಿನ ಲೆಕ್ಕದಲ್ಲಿ ಶಾಲೆಗೆ ಬರ್ತಿದ್ದ ಅನುದಾನದ ಒಂದು ಭಾಗವೂ ಜೊತೆಗೆ ಹೋಗುತ್ತೆ. ಶಾಲೆಗಳು ವಿರೋಧಿಸದೆ ಇರ್ತಾವಾ? ವಿರೋಧಿಸಿದವು. ಆದರೆ ಮಕ್ಕಳನ್ನು ಉಳಿಸಿಕೊಳ್ಳೋಕೆ ತಾವೇ ಹೆಚ್ಚು ಎಪಿ ಕ್ಲಾಸು, ಶಾಲೆಯೊಳಗೇ ಕಾಲೇಜು ಪಾಠ ಅಂತ ಶುರು ಮಾಡಿದವು.

1990ರಲ್ಲಿ ಅದೇ ಥರದ ಕಾನೂನು ವಾಷಿಂಗ್ಟನ್ ರಾಜ್ಯಕ್ಕೆ ಬಂತು. ಅದರ ಹೆಸರು ರನ್ನಿಂಗ್ ಸ್ಟಾರ್ಟ್. ಸರ್, ನಿಮ್ಮ ಮಗಳ ಮುಂದೆ ಇರೋದು ಇದೇ. ಅಲ್ಲಿ ಟ್ಯೂಷನ್ ಫೀಸ್ ಇರಲ್ಲ ನಿಜ. ಆದರೆ ಪುಸ್ತಕ, ಓಡಾಟ, ಕೆಲವು ಸಣ್ಣಪುಟ್ಟ ಫೀಸ್ ಸಾಮಾನ್ಯವಾಗಿ ಮನೆಯವರದ್ದೇ.

2002ರ ನಂತರ ಗೇಟ್ಸ್ ಫೌಂಡೇಶನ್ ದುಡ್ಡು ಹಾಕಿ ಅರ್ಲಿ ಕಾಲೇಜ್ ಹೈಸ್ಕೂಲ್‌ಗಳನ್ನ ದೇಶದ ಹಲವು ಕಡೆ ಶುರು ಮಾಡಿಸಿತು. ಇಂಥ ಶಾಲೆಗಳಲ್ಲಿ ಕೆಲವು ಸೀಟುಗಳನ್ನ ಲಾಟರಿಯಲ್ಲಿ ಕೊಡ್ತಿದ್ದವು. ಹಾಗಾಗಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ಸಂಶೋಧಕರು ಹೋಲಿಸೋಕೆ ಆಯ್ತು. ಸೀಟು ಸಿಕ್ಕ ಮಕ್ಕಳು ಕಾಲೇಜಿಗೆ ಹೋಗಿದ್ದೂ ಹೆಚ್ಚು, ಡಿಗ್ರಿ ಪಡೆದಿದ್ದೂ ಹೆಚ್ಚು. ಬುದ್ಧಿವಂತರು ಸೇರಿದ್ದಕ್ಕೇ ಒಳ್ಳೇ ಫಲಿತಾಂಶ ಬಂತು ಅಂತ ತಳ್ಳಿಹಾಕೋ ಹಾಗಿಲ್ಲ, ಯಾಕಂದ್ರೆ ಆರಿಸಿದ್ದು ಲಾಟರಿ.

2022-23ರಲ್ಲಿ ಸುಮಾರು 25 ಲಕ್ಷ ಹೈಸ್ಕೂಲ್ ಮಕ್ಕಳು ಕಾಲೇಜು ಪಾಠ ಓದಿದ್ರು. ಕಮ್ಯುನಿಟಿ ಕಾಲೇಜುಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬ ವಿದ್ಯಾರ್ಥಿ ಹೈಸ್ಕೂಲ್‌ನವರು. ಸಂಖ್ಯೆ ಬೆಳೆದಿದೆ. ಲೀಬರ್‌ಮನ್ ಅವರ ಶಾಲೆಯಲ್ಲಿದ್ದ ಕೌನ್ಸೆಲರ್? ಎಲ್ಲ ಕಡೆ ಇಲ್ಲ. ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಪಾಲು ಇದರಲ್ಲಿ ಈಗಲೂ ಕಡಿಮೆ. ಯಾರಿಗಾಗಿ ಬಾಗಿಲು ತೆರೆದರೋ ಅವರಿಗೇ ಮಾಹಿತಿ ತಡವಾಗಿ ತಲುಪುತ್ತೆ.

ಇನ್ನು ಅಪಾಯದ ಮಾತು. ಅಕೌಂಟ್ಸ್ ಓದಿದವನಾಗಿ ಹೇಳ್ತೀನಿ, ಉಚಿತ ಅಂದಕೂಡಲೇ ಖರ್ಚಿಲ್ಲ ಅಂತಲ್ಲ. ಹದಿನಾರನೇ ವಯಸ್ಸಿನಲ್ಲಿ ಬಂದ ಗ್ರೇಡ್ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಶಾಶ್ವತ. ಲೆಡ್ಜರ್‌ಗೆ ಎಂಟ್ರಿ ಹಾಕಿದ ಹಾಗೆ, ರಬ್ಬರ್ ಹಾಕಿ ಉಜ್ಜೋಕಾಗಲ್ಲ. ತುಂಬಾ ಪಾಠ ಫೇಲ್ ಆದ್ರೆ ಮುಂದೆ ಸರ್ಕಾರದ ಹಣಕಾಸು ನೆರವಿಗೂ ತೊಂದರೆ ಆಗಬಹುದು. ಎರಡನೇದು, ಅದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿ ಸಾಮಾನ್ಯವಾಗಿ ಒಪ್ಪೋ ಕ್ರೆಡಿಟನ್ನ ಖಾಸಗಿ ಯೂನಿವರ್ಸಿಟಿ ಒಪ್ಪದೇ ಇರಬಹುದು. ಒಪ್ಪಿದ್ರೂ, ಎಂಜಿನಿಯರಿಂಗ್ ಓದೋ ಹುಡುಗಿಗೆ ಸೈಕಾಲಜಿಯ ಕ್ರೆಡಿಟ್ ಎಷ್ಟಿದ್ರೂ ವರ್ಷ ಉಳಿಯಲ್ಲ. ಮೂರನೇದು ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಕಷ್ಟ ಆಗೋದು. ಕಾಲೇಜಿನ ದಾಖಲೆ ಮೇಲಿನ ಹಕ್ಕು, 18 ತುಂಬದಿದ್ರೂ, ವಿದ್ಯಾರ್ಥಿಯದ್ದೇ. ನೀವು ಫೋನ್ ಮಾಡಿ "ನನ್ನ ಮಗಳು ಹೇಗೆ ಓದ್ತಿದ್ದಾಳೆ" ಅಂತ ಕೇಳಿದ್ರೆ ಲೆಕ್ಚರರ್ ಹೇಳದೇ ಇರಬಹುದು. ಅವಳೇ ಕೇಳಬೇಕು, ಅವಳೇ ಇಮೇಲ್ ಬರೀಬೇಕು.

ಹಾಗಾದ್ರೆ ಹೋಗಬೇಕಾ, ಬೇಡವಾ? ನನ್ನ ಮಾತು: ಹೋಗಲಿ, ಆದರೆ ಎರಡು ವರ್ಷ ಉಳಿಸೋಕೆ ಅಂತ ಮಾತ್ರ ಬೇಡ. ಇಷ್ಟೆಲ್ಲಾ ಪ್ರಯೋಗಗಳಲ್ಲಿ ನನ್ನ ಮನಸ್ಸು ನಾಟಿದ್ದು 1974ರ ಆ ಚಿಕ್ಕ ಶಾಲೆಯಲ್ಲಿ. ಅಲ್ಲಿ ಕ್ರೆಡಿಟ್ ಜೊತೆ ಮನುಷ್ಯರೂ ಇದ್ದರು. ಮೊದಲ ಟರ್ಮ್‌ಗೆ ಒಂದೋ ಎರಡೋ ವಿಷಯ ತಗೊಳ್ಳಲಿ, ಅದೂ ಅವಳು ಮುಂದೆ ಓದಬೇಕು ಅಂದ್ಕೊಂಡಿರೋ ದಾರಿಯದ್ದು. ಎಡವಿದ ದಿನ ಯಾರ ಹತ್ರ ಹೋಗಬೇಕು ಅನ್ನೋದು ಅವಳಿಗೆ ಮೊದಲೇ ಗೊತ್ತಿರಲಿ.

ಇದನ್ನೆಲ್ಲ ಓದಿದ ಮೇಲೆ ಆ ಕೇಳುಗರಿಗೆ ಮೆಸೇಜ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ಮಗಳು ಏನಂತಾಳೆ ಸರ್?" ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. "ಕೇಳಿಲ್ಲ ಮಾರಾಯ್ರೇ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳ್ತೀನಿ."

ಅವಳ ಉತ್ತರ ಬಂದ್ರೆ ನಿಮಗೂ ಹೇಳ್ತೀನಿ. ಅಲ್ಲೀವರೆಗೂ ಕೇಳ್ತಾ ಇರಿ.